ಸೇವಂತಿಗೆಯನ್ನು ಕಿತ್ತು ಹಾಕಿ ಅನ್ನಬೇಡಿ

ಸಂಪಾದಕರೇ,

ನಿಮ್ಮ ಕೈತೋಟದ ಅಂಕಣದಲ್ಲಿ ಮೊನ್ನೆ ಸೇವಂತಿಗೆ ಬಗ್ಗೆ ಬಂದ ಬರಹ ಚೆನ್ನಾಗಿತ್ತು, ಕೊನೆಯ ಸಾಲೊಂದನ್ನು ಬಿಟ್ಟು. ಹೂ ಮುಗಿದ ಮೇಲೆ ಗಿಡ ಕಿತ್ತು ಹಾಕಿ, ಮುಂದಿನ ಸಲ ಹೊಸದು ತನ್ನಿ ಅಂತ ಬರೆದಿದ್ದೀರಿ. ಅದನ್ನು ಓದಿ ಎಷ್ಟು ಗಿಡ ಕಸಕ್ಕೆ ಹೋದವೋ! ಸೇವಂತಿಗೆ ಒಂದೇ ಸಲ ಹೂ ಬಿಟ್ಟು ಸಾಯುವ ಗಿಡವಲ್ಲ. ಮೇಲಿನ ಕಡ್ಡಿ ಒಣಗಿದರೂ ಬೇರು ಬದುಕಿರುತ್ತದೆ, ಬುಡದಿಂದ ಮರಿಗಳು ಏಳುತ್ತವೆ.

ನಾನೂ ಮೊದಲು ಕಿತ್ತು ಎಸೆದವನೇ. ಒಂದು ವರ್ಷ ಸೋಮಾರಿತನದಿಂದ ಕುಂಡವನ್ನು ಮೂಲೆಯಲ್ಲೇ ಬಿಟ್ಟಿದ್ದೆ, ಆಮೇಲೆ ನೋಡಿದರೆ ಒಣಕಡ್ಡಿಯ ಸುತ್ತ ಏಳೆಂಟು ಹಸಿರು ಮರಿ! ಆವತ್ತಿನಿಂದ ಹೂ ಬಾಡಿದ ಕೂಡಲೇ ಕಡ್ಡಿಗಳನ್ನು ಬುಡದಿಂದ ನಾಲ್ಕೈದು ಇಂಚು ಬಿಟ್ಟು ಕತ್ತರಿಸುತ್ತೇನೆ. ಮರಿಗಳು ಸ್ವಲ್ಪ ಬಲಿತ ಮೇಲೆ ಬೇರಿನ ಸಮೇತ ಬಿಡಿಸಿ ಬೇರೆ ಬೇರೆ ಕುಂಡಕ್ಕೆ ಹಾಕುತ್ತೇನೆ, ಕಟ್ಟಿಗೆಯಂತಾದ ನಡುವಿನ ಹಳೇ ಬುಡವನ್ನು ಮಾತ್ರ ಎಸೆಯುತ್ತೇನೆ. ಅದನ್ನೇ ಇಟ್ಟುಕೊಂಡರೆ ಗಿಡ ವರ್ಷವರ್ಷಕ್ಕೂ ಸೊರಗುತ್ತದೆ.

ಮರಿ ಅರ್ಧ ಅಡಿ ಆದಾಗ ಕುಡಿ ಚಿವುಟಬೇಕು. ಮನಸ್ಸು ಬರುವುದಿಲ್ಲ, ಆದರೂ ಚಿವುಟಿ. ಒಂದು ಕುಡಿ ಹೋದರೆ ಪಕ್ಕದಿಂದ ಮೂರ್ನಾಲ್ಕು ಕವಲು ಒಡೆಯುತ್ತವೆ, ಅವು ಉದ್ದವಾದಾಗ ಇನ್ನೊಂದು ಸುತ್ತು. ಹಗಲು ಚಿಕ್ಕದಾಗಿ ಮೊಗ್ಗು ಕಟ್ಟುವ ಕಾಲ ಬಂದಾಗ ನಿಲ್ಲಿಸಿಬಿಡಿ, ಇಲ್ಲದಿದ್ದರೆ ಮೊಗ್ಗನ್ನೇ ಚಿವುಟಿ ಹಾಕಿದ ಹಾಗಾಗುತ್ತದೆ.

ಇಷ್ಟೆಲ್ಲಾ ಮಾಡಿಯೂ ಒಂದು ವರ್ಷ ನನ್ನ ಒಂದು ಕುಂಡದಲ್ಲಿ ಒಂದೂ ಹೂ ಬರಲಿಲ್ಲ. ಎಲೆ ಮಾತ್ರ ಗಾಢ ಹಸಿರು. ಹಸಿವಿರಬೇಕು ಅಂತ ಗೊಬ್ಬರದ ಮೇಲೆ ಗೊಬ್ಬರ ಹಾಕಿದೆ, ಎಲೆ ಇನ್ನೂ ಜಾಸ್ತಿಯಾಯಿತು. ಕಾರಣ ಬೇರೆಯೇ ಇತ್ತು. ಆ ಕುಂಡ ಇದ್ದದ್ದು ಬಾಗಿಲ ಬಳಿ, ರಾತ್ರಿಯಿಡೀ ಉರಿಯುವ ದೀಪದ ಕೆಳಗೆ. ಸೇವಂತಿಗೆ ಮೊಗ್ಗು ಕಟ್ಟಬೇಕಾದರೆ ಉದ್ದನೆಯ, ತಡೆಯಿಲ್ಲದ ಕತ್ತಲೆ ಬೇಕು. ಹಗಲಿನ ಉದ್ದಕ್ಕೂ ಹೂವಿಗೂ ನಂಟಿದೆ ಅಂತ 1920ರಲ್ಲಿ ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು ತಂಬಾಕು, ಸೋಯಾ ಗಿಡಗಳನ್ನು ಬೆಳೆಸಿ ತೋರಿಸಿದ್ದರು. ಇಂಥ ಗಿಡಗಳು ನಿಜವಾಗಿ ಅಳೆಯುವುದು ಇರುಳನ್ನು ಅನ್ನುವುದು ಆಮೇಲೆ ತಿಳಿಯಿತು. ಹೂ ಬೆಳೆದು ಮಾರುವವರಿಗೆ ಇದು ಚೆನ್ನಾಗಿ ಗೊತ್ತು, ಹೂ ತಡವಾಗಿ ಬರಲಿ ಅಂತ ಅವರು ನಡುರಾತ್ರಿ ಬೇಕೆಂದೇ ದೀಪ ಹಾಕುತ್ತಾರೆ. ನಾನು ಗೊತ್ತಿಲ್ಲದೆ ಅದನ್ನೇ ಮಾಡಿದ್ದೆ, ಅದೂ ಪುಕ್ಕಟೆಯಾಗಿ! ಮರುವರ್ಷ ಕುಂಡವನ್ನು ಹಿತ್ತಲ ಕತ್ತಲೆಗೆ ಸಾಗಿಸಿದೆ, ಹಗಲಿಗೆ ಅಲ್ಲಿ ಒಳ್ಳೇ ಬಿಸಿಲೂ ಇತ್ತು. ಎರಡು ತಿಂಗಳು ದಾಟುವಷ್ಟರಲ್ಲಿ ಎಲೆ ಕಾಣದಷ್ಟು ಹೂ.

ಇನ್ನೊಂದು ಮಾತು. ಕುಂಡದಲ್ಲಿ ಗುಂಡಗೆ ಗಿಡ್ಡಗೆ ಇದ್ದ ಗಿಡ ಮನೆಗೆ ತಂದ ಮರುವರ್ಷ ಉದ್ದಕ್ಕೆ ಬೆಳೆದು ಬಾಗುತ್ತದೆ ಅಂತ ಎಷ್ಟೋ ಜನ ಬೇಸರ ಪಡುತ್ತಾರೆ. ತಪ್ಪು ನಿಮ್ಮದಲ್ಲ. ಮಾರಾಟಕ್ಕೆ ಬೆಳೆಸುವಾಗ ಹಲವು ಕಡೆ ಬೆಳವಣಿಗೆ ತಡೆಯುವ ರಾಸಾಯನಿಕ ಹೊಡೆದಿರುತ್ತಾರೆ, ನಾಲ್ಕೈದು ಗಿಡಗಳನ್ನು ಒಂದೇ ಕುಂಡಕ್ಕೆ ತುಂಬಿ ಒಂದೇ ಗಿಡದಂತೆ ಕಾಣಿಸುವುದೂ ಉಂಟು. ಮರುವರ್ಷ ಕಾಣುವುದೇ ಅದರ ನಿಜವಾದ ಎತ್ತರ. ಒಂದು ಕೋಲು ಕೊಟ್ಟರೆ ಸಾಕು.

ನೀರು ಮೇಲ್ಮಣ್ಣು ಒಣಗಿದಾಗ ಮಾತ್ರ, ಬುಡಕ್ಕೆ ಮಾತ್ರ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಆಗ ಮರಿಯೂ ಇಲ್ಲ ತಾಯಿಯೂ ಇಲ್ಲ. ಕುಡಿಗೆ ಕಪ್ಪು ಹೇನು ಮುತ್ತಿದರೆ ಮೊದಲು ಜೋರಾಗಿ ನೀರು ಹೊಡೆದು ನೋಡಿ. ಸುಮ್ನೆ ವಿಷ ಸುರಿಯುವುದು ಬೇಡ.

ಹಾಗಾಗಿ ಮುಂದಿನ ವಾರದ ಅಂಕಣದಲ್ಲೇ ಒಂದು ತಿದ್ದುಪಡಿ ಹಾಕಿ ಅಂತ ಕೇಳಿಕೊಳ್ಳುತ್ತೇನೆ. ಅಂಕಣ ಓದಿ ಗಿಡ ತಂದವರ ಹೂ ಬಾಡುವ ಹೊತ್ತಿದು, ತಡವಾದರೆ ಇನ್ನಷ್ಟು ಕುಂಡ ಖಾಲಿಯಾಗುತ್ತವೆ.

ಇಂತಿ,
ನಿಮ್ಮ ಓದುಗ