ಹೆದ್ದಾರಿ ಬದಿಯ ಮಳಿಗೆ ಪೇಟೆಯೊಳಕ್ಕೆ: ಚನ್ನಪಟ್ಟಣದ ಗೊಂಬೆ ಸಹಕಾರ ಸಂಘದಿಂದ ಗ್ರಾಹಕರಿಗೆ ಪತ್ರ

ವಿಷಯ: ಬೆಂಗಳೂರು–ಮೈಸೂರು ಹಳೇ ಹೆದ್ದಾರಿಯ ಬದಿಯಲ್ಲಿರುವ ನಮ್ಮ ಮಾರಾಟ ಮಳಿಗೆಯ ಸ್ಥಳಾಂತರದ ಬಗ್ಗೆ.

ಮಾನ್ಯ ಗ್ರಾಹಕರೇ,

ಚನ್ನಪಟ್ಟಣ ಪೇಟೆ ಸೇರುವ ಮೊದಲೇ, ಹಳೇ ಹೆದ್ದಾರಿಯ ಎಡಬದಿಯಲ್ಲಿ ಸಿಗುತ್ತಿದ್ದ ನಮ್ಮ ಸಂಘದ ಮಾರಾಟ ಮಳಿಗೆಯನ್ನು ಬರುವ ತಿಂಗಳ 1ನೇ ತಾರೀಖಿನಿಂದ ಮುಚ್ಚಿ, ಅಲ್ಲಿನ ಮಾರಾಟವನ್ನೆಲ್ಲ ಪೇಟೆಯೊಳಗಿರುವ ನಮ್ಮ ಕಾರ್ಯಾಗಾರದ ಮುಂಭಾಗಕ್ಕೆ ತರುತ್ತಿದ್ದೇವೆ. ಗೊಂಬೆಗಳಾಗಲಿ, ಅವುಗಳ ಬೆಲೆಯಾಗಲಿ, ಅವನ್ನು ಕಡೆಯುವ ಕೈಗಳಾಗಲಿ ಬದಲಾಗುವುದಿಲ್ಲ. ಆದರೂ ಈ ಸುದ್ದಿ ಕಿವಿಗೆ ಬಿದ್ದ ಹಲವರು ದೂರವಾಣಿ ಮಾಡಿ, ಸಂಘವೇ ನಿಂತುಹೋಗುತ್ತಿದೆಯೇ ಎಂದು ಕಳವಳದಿಂದ ಕೇಳಿದ್ದರಿಂದ, ಕಾರಣವನ್ನು ಒಂದೆರಡು ಮಾತಿನಲ್ಲಿ ಮುಗಿಸದೆ ವಿವರವಾಗಿಯೇ ತಿಳಿಸುವುದು ಸರಿಯೆಂದು ಆಡಳಿತ ಮಂಡಳಿಗೆ ತೋರಿತು. ಕಾರಣವಿರುವುದು ಗೊಂಬೆಯಲ್ಲಲ್ಲ, ರಸ್ತೆಯಲ್ಲಿ: ಹೊಸ ಎಕ್ಸ್‌ಪ್ರೆಸ್ ವೇ ನಮ್ಮ ಊರನ್ನು ಹೊರಗಿಟ್ಟು ಹೋಗುತ್ತದೆ.

ಲೋಕೋಪಯೋಗಿ ಇಲಾಖೆಯ ದಾಖಲೆಗಳಲ್ಲಿ ಬಹುಕಾಲ ರಾಜ್ಯ ಹೆದ್ದಾರಿ 17 ಎಂದು ಕರೆಸಿಕೊಂಡ ಈ ರಸ್ತೆ ಬೆಂಗಳೂರಿನಿಂದ ಹೊರಟು ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳ ಮೂಲಕ ಸುಮಾರು 140 ಕಿ.ಮೀ. ಸಾಗಿ ಮೈಸೂರು ಸೇರುತ್ತದೆ. ರಾಮನಗರದಲ್ಲಿ ಅರ್ಕಾವತಿ, ನಮ್ಮ ಊರಿನ ಬಳಿ ಕಣ್ವ, ಮದ್ದೂರಿನಲ್ಲಿ ಶಿಂಷಾ, ಕೊನೆಗೆ ಶ್ರೀರಂಗಪಟ್ಟಣದ ದ್ವೀಪದ ಎರಡೂ ಮಗ್ಗುಲಲ್ಲಿ ಕಾವೇರಿ, ಹೀಗೆ ಹೊಳೆಗಳನ್ನು ದಾಟುತ್ತಾ ಹೋಗುವ ಈ ದಾರಿಯ ವಿಶೇಷವೆಂದರೆ, ಅದು ಯಾವ ಊರನ್ನೂ ಹೊರಗಿಟ್ಟು ಹೋಗುತ್ತಿರಲಿಲ್ಲ. ಊರಿನ ದೊಡ್ಡ ಬೀದಿಯೇ ಹೆದ್ದಾರಿಯಾಗಿತ್ತು. ಬಿಡದಿಯ ತಟ್ಟೆ ಇಡ್ಲಿ, ರಾಮನಗರದ ರೇಷ್ಮೆಗೂಡು, ನಮ್ಮ ಬಣ್ಣದ ಗೊಂಬೆ, ಮದ್ದೂರಿನ ವಡೆ, ಮಂಡ್ಯದ ಬೆಲ್ಲ ಎಂದು ಊರಿಗೊಂದು ಹೆಸರು ಅಂಟಿಕೊಂಡಿದ್ದರಲ್ಲಿ ಕೈಚಳಕದ ಪಾಲು ಎಷ್ಟಿದೆಯೋ, ಗಾಡಿ ಅಲ್ಲಿ ನಿಲ್ಲುತ್ತಿತ್ತೆಂಬುದರ ಪಾಲೂ ಅಷ್ಟೇ ಇದೆ ಎಂದು ನಾವು ಒಪ್ಪಿಕೊಳ್ಳಬೇಕು. ಮದ್ದೂರು ವಡೆಯ ಕೀರ್ತಿಯನ್ನು ಮಾತ್ರ ರಸ್ತೆಗಿಂತ ರೈಲು ನಿಲ್ದಾಣಕ್ಕೇ ಹೆಚ್ಚಾಗಿ ಸಲ್ಲಿಸಬೇಕು.

ಚನ್ನಪಟ್ಟಣವನ್ನು ಬಿಟ್ಟು ಜನ ಬೇರೆ ದಾರಿ ಹಿಡಿದದ್ದು ಇದೇ ಮೊದಲೇನಲ್ಲ. 1791ರಲ್ಲಿ ಬೆಂಗಳೂರನ್ನು ಹಿಡಿದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಹೊರಟಾಗ, ಟಿಪ್ಪುವಿನ ಸೇನೆ ಚನ್ನಪಟ್ಟಣದ ರಸ್ತೆಯನ್ನು ಕಾಯುತ್ತಿದ್ದುದರಿಂದ ಈಗಿನ ಕನಕಪುರದ ದಾರಿಯಾಗಿ ಸುತ್ತಿಕೊಂಡು ಹೋದನೆಂದು ಚರಿತ್ರೆ ಹೇಳುತ್ತದೆ. ಆಗ ಊರಿಗೆ ಅದರಿಂದ ಒಳ್ಳೆಯದೇ ಆಗಿರಬೇಕು. ಟಿಪ್ಪುವಿನ ಪತನದ ನಂತರ ಬ್ರಿಟಿಷ್ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಈಗಿನ ರಾಮನಗರ ಕ್ಲೋಸ್‌ಪೇಟೆಯಾಯಿತು. ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ, 1804ರಲ್ಲಿ, ಶ್ರೀರಂಗಪಟ್ಟಣದ ಕಾವೇರಿಗೆ ಕಲ್ಲಿನ ಕಂಬಗಳ ವೆಲ್ಲೆಸ್ಲಿ ಸೇತುವೆ ಬಂತು. 1876–78ರ ಘೋರ ಕ್ಷಾಮ ಕಳೆದ ಮೇಲೆ, 1880ರ ದಶಕದ ಆರಂಭದಲ್ಲಿ, ಇದೇ ಊರುಗಳನ್ನು ಪೋಣಿಸಿಕೊಂಡು ರೈಲು ಮಾರ್ಗ ಬಂದಾಗಲೂ ಚನ್ನಪಟ್ಟಣಕ್ಕೆ ಒಂದು ನಿಲ್ದಾಣ ಸಿಕ್ಕಿತು. ಈ ಮಾತನ್ನು ಇಲ್ಲಿ ಬೇಕೆಂದೇ ಬರೆದಿದ್ದೇವೆ, ಏಕೆಂದರೆ ಮುಂದೆ ನಮ್ಮಲ್ಲಿಗೆ ಬರುವ ದಾರಿ ಹೇಳುವಾಗ ಆ ನಿಲ್ದಾಣವೇ ನೆರವಿಗೆ ಬರುತ್ತದೆ.

2000ದ ನಂತರದ ವರ್ಷಗಳಲ್ಲಿ ಈ ರಾಜ್ಯ ಹೆದ್ದಾರಿಯನ್ನು ನಾಲ್ಕು ಪಥಗಳಿಗೆ ವಿಸ್ತರಿಸಲಾಯಿತು. ಅಂಚಿನಲ್ಲಿ ನೆರಳು ಹಾಸಿದ್ದ ಎಷ್ಟೋ ಹಳೆಯ ಮರಗಳು ಆಗ ಉರುಳಿದವು. ಮರಗೆಲಸದಿಂದಲೇ ಬದುಕುವ ನಮಗೂ ಅದನ್ನು ನೋಡುವುದು ಸುಲಭವಾಗಿರಲಿಲ್ಲ. ಆದರೆ ನಮ್ಮ ರಸ್ತೆಬದಿಯ ಮಳಿಗೆ ಹುಟ್ಟಿದ್ದು ಆ ವಿಸ್ತರಣೆಯಾದ ಮೇಲೆಯೇ. ವಾಹನಗಳು ಹೆಚ್ಚಿದವು, ಆದರೂ ಊರು ಬಂದಾಗಲೆಲ್ಲ ಹಂಪುಗಳಿಗೂ ಸಿಗ್ನಲ್‌ಗಳಿಗೂ ವೇಗ ತಗ್ಗಿಸಲೇಬೇಕಾಗಿದ್ದರಿಂದ ಹಿಂದಿನ ಸೀಟಿನ ಮಕ್ಕಳ ಕಣ್ಣಿಗೆ ಕುದುರೆ, ಬುಗುರಿ, ತಲೆಯಾಡಿಸುವ ಬೊಂಬೆಗಳು ಬೀಳುತ್ತಿದ್ದವು, ಕಾರು ನಿಲ್ಲುತ್ತಿತ್ತು. ದಸರಾ ಬಂತೆಂದರೆ ಮಳಿಗೆಯಲ್ಲಿ ನಿಲ್ಲಲು ಜಾಗವಿರುತ್ತಿರಲಿಲ್ಲ. ಕಾವೇರಿ ಚಳವಳಿಯ ದಿನಗಳಲ್ಲಿ ಮಂಡ್ಯ, ಮದ್ದೂರುಗಳಲ್ಲಿ ರಸ್ತೆ ತಡೆಯಾದರೆ ಇಲ್ಲಿ ಬೋಣಿಯೂ ಆಗುತ್ತಿರಲಿಲ್ಲ. ನಮ್ಮ ಲೆಕ್ಕದ ಪುಸ್ತಕದ ಏರಿಳಿತವೆಲ್ಲ ಆ ರಸ್ತೆಯ ಏರಿಳಿತವೇ ಆಗಿತ್ತು.

ಇದೇ ರಸ್ತೆ ಮುಂದೆ ರಾಷ್ಟ್ರೀಯ ಹೆದ್ದಾರಿ 275ರ ಭಾಗವಾಯಿತು. ಮೈಸೂರಿನಾಚೆ ಹುಣಸೂರು, ಕುಶಾಲನಗರ, ಮಡಿಕೇರಿ, ಸುಳ್ಯ, ಪುತ್ತೂರುಗಳ ಮೂಲಕ ಬಂಟ್ವಾಳದವರೆಗೆ ಹೋಗುವ ಹಿಂದಿನ ರಾಜ್ಯ ಹೆದ್ದಾರಿ 88 ಕೂಡ ಅದೇ ಸಂಖ್ಯೆಗೆ ಸೇರಿತು. ಆಮೇಲೆ ಬಂದದ್ದು ತಮಗೆಲ್ಲ ತಿಳಿದಿರುವ 118 ಕಿ.ಮೀ. ಉದ್ದದ ಎಕ್ಸ್‌ಪ್ರೆಸ್ ವೇ: ನಡುವೆ ಆರು ಪಥಗಳ ಮುಖ್ಯ ರಸ್ತೆ, ಎರಡೂ ಬದಿಗೆ ಎರಡೆರಡು ಪಥಗಳ ಸರ್ವೀಸ್ ರಸ್ತೆ. 2023ರ ಮಾರ್ಚ್ 12ರಂದು ಪ್ರಧಾನಿಯವರು ಅದನ್ನು ಉದ್ಘಾಟಿಸಿದರು. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳಲ್ಲಿ ಬೈಪಾಸ್‌ಗಳಾಗಿದ್ದು, ಅವುಗಳಲ್ಲಿ ರಾಮನಗರ ಹಾಗೂ ಚನ್ನಪಟ್ಟಣಗಳನ್ನು ಒಟ್ಟಿಗೆ ಹೊರಗಿಡುವ ಬೈಪಾಸೇ ಸುಮಾರು 22 ಕಿ.ಮೀ. ಉದ್ದವಿದೆ. ಅಂದರೆ ಬೆಂಗಳೂರಿನಿಂದ ಮೈಸೂರಿಗೆ ಹೋಗುವವರಿಗೆ ನಮ್ಮ ಊರು ಈಗ ಹಸಿರು ಫಲಕದ ಮೇಲಿನ ಒಂದು ಹೆಸರು ಮಾತ್ರ.

ಹೊಸ ರಸ್ತೆಯನ್ನು ದೂರುವುದು ಈ ಪತ್ರದ ಉದ್ದೇಶವಲ್ಲ. ಪೇಟೆಯೊಳಗೆ ಲಾರಿಗಳ ಹೊಗೆ, ಹಾರನ್ನು ತಗ್ಗಿದೆ. ಶಾಲೆಯ ಮಕ್ಕಳು ಮೊದಲಿನಷ್ಟು ಹೆದರದೆ ರಸ್ತೆ ದಾಟುತ್ತಾರೆ. ನಮ್ಮ ಮಳಿಗೆಯ ಮುಂದೆ ಮಾತ್ರ ಕಾರುಗಳು ನಿಲ್ಲುವುದು ಕಡಿಮೆಯಾಗಿ, ವಾರದ ದಿನಗಳಲ್ಲಿ ಬಾಡಿಗೆಯ ದುಡ್ಡೂ ಹುಟ್ಟದಂತಾಯಿತು. ಬೈಪಾಸ್ ಪಕ್ಕಕ್ಕೇ ಮಳಿಗೆಯನ್ನು ಒಯ್ಯಬಾರದೇಕೆ ಎಂದು ಸರ್ವ ಸದಸ್ಯರ ಸಭೆಯಲ್ಲಿ ಕೆಲವು ಸದಸ್ಯರು ಕೇಳಿದರು. ಮುಖ್ಯ ರಸ್ತೆಗೆ ಎಲ್ಲೆಂದರಲ್ಲಿ ಇಳಿಯುವ, ಏರುವ ಅವಕಾಶವಿಲ್ಲದಿರುವುದರಿಂದ, ಬೇಲಿಯಾಚೆ ಕಾಣುವ ಅಂಗಡಿಗೆ ಬರಲು ಗ್ರಾಹಕರು ಕಿಲೋಮೀಟರುಗಟ್ಟಲೆ ಸುತ್ತಬೇಕಾಗುತ್ತದೆ ಎಂದು ಲೆಕ್ಕ ಹಾಕಿ ಆ ಆಲೋಚನೆಯನ್ನು ಕೈಬಿಟ್ಟೆವು. ದಾರಿಹೋಕರು ಕಣ್ಣಿಗೆ ಬಿತ್ತೆಂದು ಕೊಳ್ಳುವ ಕಾಲ ಮುಗಿದಿದ್ದರೆ, ನಮ್ಮನ್ನೇ ಹುಡುಕಿಕೊಂಡು ಬರುವವರಿಗೆ ಗೊಂಬೆ ಹುಟ್ಟುವ ಜಾಗದಲ್ಲೇ ಅದನ್ನು ಮಾರುವುದು ಮೇಲು ಎಂಬ ಹಿರಿಯ ಕುಶಲಕರ್ಮಿಯೊಬ್ಬರ ಮಾತು ಸಭೆಗೆ ಒಪ್ಪಿಗೆಯಾಯಿತು.

ಇನ್ನು ನಮ್ಮಲ್ಲಿಗೆ ಬರುವ ದಾರಿ. ಬೆಂಗಳೂರಿನಿಂದ ಕಾರಿನಲ್ಲಿ ಬರುವವರು ರಾಮನಗರದ ಬೈಪಾಸ್ ಏರುವ ಮೊದಲೇ ಎಕ್ಸ್‌ಪ್ರೆಸ್ ವೇ ಬಿಟ್ಟು ಹಳೇ ರಸ್ತೆ ಹಿಡಿಯಬೇಕು. ಬೈಪಾಸ್ ಏರಿದ ಮೇಲೆ ನೆನಪಾದರೆ ಊರು ದಾಟಿ ಹಿಂದಿರುಗಬೇಕಾದೀತು. ಹಳೇ ರಸ್ತೆಯಲ್ಲಿ ಬಂದರೆ ಜಾನಪದ ಲೋಕವೂ ಕೆಂಗಲ್ ಆಂಜನೇಯನ ಗುಡಿಯೂ ದಾರಿಯಲ್ಲೇ ಸಿಗುತ್ತವೆ. ಮೈಸೂರಿನ ಕಡೆಯಿಂದ ಬರುವವರು ಮದ್ದೂರು ದಾಟಿದ ನಂತರ ಸರ್ವೀಸ್ ರಸ್ತೆಗೆ ಇಳಿದರೆ ಸಾಕು. ಬೈಕು, ಸ್ಕೂಟರು, ಆಟೋಗಳಿಗೆ 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲವಾದ್ದರಿಂದ, ದ್ವಿಚಕ್ರ ವಾಹನದಲ್ಲಿ ಬರುವ ತಾವು ಹೇಗೂ ನಮ್ಮ ದಾರಿಯಲ್ಲೇ ಇರುತ್ತೀರಿ. ಬಸ್ಸಿನಲ್ಲಿ ಬರುವವರು ಹತ್ತುವ ಮೊದಲು, ಬಸ್ಸು ಚನ್ನಪಟ್ಟಣದೊಳಗೆ ಹೋಗುತ್ತದೆಯೋ ಬೈಪಾಸ್‌ನಲ್ಲಿ ಹೋಗುತ್ತದೆಯೋ ಎಂದು ನಿರ್ವಾಹಕರನ್ನು ಕೇಳುವುದು ಒಳ್ಳೆಯದು. ನಿಶ್ಚಿಂತೆಯಿಂದ ಬರಬೇಕೆನ್ನುವವರಿಗೆ ರೈಲೇ ಸರಿ. ಚನ್ನಪಟ್ಟಣದಲ್ಲಿ ನಿಲ್ಲುವ ಗಾಡಿ ನೋಡಿ ಹತ್ತಿದರೆ, ನಿಲ್ದಾಣದಿಂದ ಕಾರ್ಯಾಗಾರಕ್ಕೆ ಆಟೋದಲ್ಲಿ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಹೊಸ ಮಳಿಗೆ ಬೆಳಿಗ್ಗೆ 10ರಿಂದ ಸಂಜೆ 7ರವರೆಗೆ, ಭಾನುವಾರವೂ ಸೇರಿ, ತೆರೆದಿರುತ್ತದೆ. ಭಾನುವಾರ ಲೇತ್‌ಗಳು ನಡೆಯುವುದಿಲ್ಲ. ಆಲೆ ಮರದ ತುಂಡು ತಿರುಗುತ್ತಾ ಗೊಂಬೆಯಾಗುವುದನ್ನೂ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಅದರ ಬಿಸಿಗೇ ಬಣ್ಣ ಕರಗಿ ಹಿಡಿಯುವುದನ್ನೂ ಮಕ್ಕಳಿಗೆ ತೋರಿಸಬೇಕೆನ್ನುವವರು ವಾರದ ದಿನಗಳಲ್ಲಿ ಬರಬೇಕೆಂದು ಕೋರುತ್ತೇವೆ. ಬಿಡದಿ, ರಾಮನಗರದ ಅಂಗಡಿಗಳಿಗೆ ನಾವೇ ಲಗೇಜ್ ಆಟೋದಲ್ಲಿ ಕಳುಹಿಸುವ ಸರಕು ಸರ್ವೀಸ್ ರಸ್ತೆಯಲ್ಲೇ ಹೋಗಬೇಕಿರುವುದರಿಂದ, ಇನ್ನು ಮುಂದೆ ದಿನಕ್ಕೆ ಎರಡು ಬಾರಿಯ ಬದಲು ಬೆಳಿಗ್ಗೆ ಒಂದೇ ಬಾರಿ ಹೊರಡುತ್ತದೆ. ಆ ಅಂಗಡಿಗಳವರು ಬೇಡಿಕೆಯನ್ನು ಹಿಂದಿನ ಸಂಜೆಯೊಳಗೆ ತಿಳಿಸಬೇಕು. ಬೊಂಬೆ ಹಬ್ಬಕ್ಕೆ ಮುಂಗಡ ಕೊಟ್ಟಿರುವವರ ರಸೀದಿಗಳು ಹೊಸ ಮಳಿಗೆಯಲ್ಲೂ ಹಾಗೆಯೇ ನಡೆಯುತ್ತವೆ.

ಹಳೆಯ ಮಳಿಗೆಯ ಬಾಗಿಲಿಗೆ ದಾರಿ ತೋರಿಸುವ ಫಲಕವನ್ನು ಮೂರು ತಿಂಗಳು ಇಟ್ಟಿರುತ್ತೇವೆ. ಅಲ್ಲಿ ಎಂದೋ ಕೊಂಡ ಗೊಂಬೆಯ ಚಕ್ರ ಕಳಚಿದ್ದರೆ, ಬಣ್ಣ ಮಾಸಿದ್ದರೆ ಅದನ್ನೂ ತನ್ನಿ. ಕಾರ್ಯಾಗಾರ ಪಕ್ಕದಲ್ಲೇ ಇರುವುದರಿಂದ ತಾವು ಕಾದಿರುವಷ್ಟರಲ್ಲೇ ಸರಿಪಡಿಸಿ ಕೊಡುತ್ತೇವೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)
ಚನ್ನಪಟ್ಟಣ