ಮಗಳಿಗೊಂದು ಪತ್ರ: ಊಟದ ಹತ್ತು ನಿಮಿಷ

ಪುಟ್ಟಿ,

ಮೊನ್ನೆ ಫೋನ್ ಮಾಡಿ ಕೇಳಿದೆಯಲ್ಲ, "ಅಮ್ಮಾ, ಯೂನಿಯನ್ನವರು ಗೇಟ್ ಹತ್ರ ಸಂಘಕ್ಕೆ ಸೇರೋ ಫಾರಂ ಕೊಟ್ರು, ಸೂಪರ್‌ವೈಸರ್ ನೋಡಿ ಹರಿದುಹಾಕು ಅಂದ್ರು, ಏನ್ಮಾಡ್ಲಿ?" ಅಂತ. ನಾನು ಬಸ್ಸಿನಲ್ಲಿದ್ದೆ, ಮಾತಾಡಲು ಆಗಲಿಲ್ಲ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ.

ಇನ್ನೊಂದು ಮಾತನ್ನೂ ನೀನು ಹೇಳಿದ್ದೆ. ಊಟಕ್ಕೆ ಅರ್ಧ ಗಂಟೆ, ಅದರಲ್ಲಿ ಕ್ಯಾಂಟೀನಿನ ಸಾಲಿಗೇ ಅರ್ಧ ಹೋಗುತ್ತೆ, ಅನ್ನ ನುಂಗಿ ಓಡಬೇಕು ಅಂತ. ಅದನ್ನು ಕೇಳಿ ನನಗೆ ಮದ್ರಾಸಿನ ಮಿಲ್ಲುಗಳ ಕತೆ ನೆನಪಾಯಿತು. ಗಾರ್ಮೆಂಟ್ಸ್‌ನಲ್ಲಿದ್ದಾಗ ಭಾನುವಾರ ಸಂಘದ ಕ್ಲಾಸಿಗೆ ಹೋಗುತ್ತಿದ್ದೆನಲ್ಲ, ಅಲ್ಲಿ ಕಲಿತದ್ದು.

ಪೆರಂಬೂರಿನಲ್ಲಿ ಬಕಿಂಗ್‌ಹ್ಯಾಮ್, ಕರ್ನಾಟಿಕ್ ಅಂತ ಎರಡು ದೊಡ್ಡ ಬಟ್ಟೆ ಮಿಲ್ಲುಗಳಿದ್ದವು. ಬಿನ್ನಿ ಕಂಪನಿಯವು. 1911ರ ಕಾನೂನಿನ ಪ್ರಕಾರ ಬಟ್ಟೆ ಮಿಲ್ಲಿನಲ್ಲಿ ಗಂಡಸರನ್ನು ದಿನಕ್ಕೆ 12 ಗಂಟೆ ದುಡಿಸಬಹುದಿತ್ತು. ಅದೂ ಮಿತಿ ಹಾಕಿದ ಮೇಲೆ! ಅದಕ್ಕೂ ಮೊದಲು, 1881ರ ಕಾನೂನು ಬಂದಾಗ, ಏಳು ವರ್ಷ ತುಂಬಿದ ಮಗುವನ್ನೂ ಒಂಬತ್ತು ಗಂಟೆ ಕೆಲಸಕ್ಕೆ ಹಚ್ಚಬಹುದಿತ್ತು. ಏಳು ವರ್ಷ ಪುಟ್ಟಿ. ಆ ವಯಸ್ಸಿನಲ್ಲಿ ನಿನಗೆ ಜಡೆ ಹೆಣೆಯಲೂ ಬರುತ್ತಿರಲಿಲ್ಲ.

ಮದ್ರಾಸಿನ ಆ ಮಿಲ್ಲುಗಳಲ್ಲಿ ಊಟಕ್ಕೆ ಬಿಡುತ್ತಿದ್ದದ್ದು ಅರ್ಧ ಗಂಟೆ. ಹೊರಗೆ ಬಂದು, ಕೈತೊಳೆದು, ಉಂಡು, ಮತ್ತೆ ಒಳಗೆ ಹೋಗುವುದಕ್ಕೆ ಅಷ್ಟು ಸಾಲದು ಅನ್ನೋದು ಅವರ ಮೊದಲ ದೂರುಗಳಲ್ಲಿ ಒಂದು. ಸೆಲ್ವಪತಿ ಚೆಟ್ಟಿಯಾರ್, ರಾಮಾನುಜಲು ನಾಯ್ಡು ಅಂತ ಇಬ್ಬರು ಈ ಕಷ್ಟವನ್ನು ಆ್ಯನಿ ಬೆಸೆಂಟರ ಜೊತೆ ಕೆಲಸ ಮಾಡುತ್ತಿದ್ದ ಬಿ.ಪಿ. ವಾಡಿಯಾ ಅವರ ಹತ್ತಿರ ತೆಗೆದುಕೊಂಡು ಹೋದರು. 1918ರ ಏಪ್ರಿಲ್ 27ರಂದು ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ನಮ್ಮ ದೇಶದ ಮೊದಲ ವ್ಯವಸ್ಥಿತ ಕಾರ್ಮಿಕ ಸಂಘ ಅಂತ ಅದನ್ನೇ ಹೇಳುತ್ತಾರೆ. ಊಟದ ಬಿಡುವು 30ರಿಂದ 40 ನಿಮಿಷಕ್ಕೆ ಏರಿತು. ಹತ್ತೇ ನಿಮಿಷ. ಹೊರಗಿನವರಿಗೆ ಅದು ಏನೂ ಅಲ್ಲ ಅನ್ನಿಸಬಹುದು. ನಿಂತುಕೊಂಡೇ ಉಂಡವರಿಗೆ ಗೊತ್ತು, ಅಲ್ವಾ?

ಕಂಪನಿ ಸುಮ್ಮನಿರಲಿಲ್ಲ. 1920ರಲ್ಲಿ ಜಗಳ ಜೋರಾದಾಗ ಹೈಕೋರ್ಟಿಗೆ ಹೋಗಿ, ವಾಡಿಯಾ ಮತ್ತು ಉಳಿದ ಮುಖಂಡರ ಮೇಲೆ ನಷ್ಟ ಪರಿಹಾರದ ಕೇಸು ಹಾಕಿತು. ಕೆಲಸಗಾರರ ಪರ ಮಾತಾಡಿದ್ದಕ್ಕೇ ಮನೆಮಠ ಕಳೆದುಕೊಳ್ಳುವ ಸ್ಥಿತಿ. ಕೊನೆಗೆ ವಾಡಿಯಾ ಯೂನಿಯನ್ ಬಿಡಬೇಕಾಯಿತು. ಆಗಲೇ ಕಾರ್ಮಿಕ ಮುಖಂಡ ಎನ್.ಎಂ. ಜೋಶಿಯವರು ಸಂಘಗಳಿಗೆ ಕಾನೂನಿನ ರಕ್ಷಣೆ ಬೇಕು ಅಂತ ದೆಹಲಿಯ ಶಾಸನಸಭೆಯಲ್ಲಿ ಪಟ್ಟು ಹಿಡಿದದ್ದು. 1926ರಲ್ಲಿ ಟ್ರೇಡ್ ಯೂನಿಯನ್ ಕಾಯ್ದೆ ಬಂತು. ಇವತ್ತು ಸಂಘ ಕಟ್ಟೋದು ಸಂವಿಧಾನವೇ ಕೊಟ್ಟ ಹಕ್ಕು. ಫಾರಂ ಹರಿಯಲು ಹೇಳುವ ಅಧಿಕಾರ ನಿನ್ನ ಸೂಪರ್‌ವೈಸರಿಗಿಲ್ಲ.

ಭಾನುವಾರದ ರಜೆಯೂ ಹಾಗೇ ಬಂದದ್ದು. ಬೊಂಬಾಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಮಿಲ್ಲು ಕೆಲಸಗಾರರನ್ನು ಸೇರಿಸಿ ವರ್ಷಗಟ್ಟಲೆ ಕೇಳಿದರು. 1890ರ ಜೂನ್ 10ರಂದು ಮಾಲೀಕರು ಒಪ್ಪಿಕೊಂಡರು.

ಈಗ ನನ್ನದು ಕೇಳು. 2016ರ ಏಪ್ರಿಲ್‌ನಲ್ಲಿ ನೀನಿನ್ನೂ ಏಳನೇ ಕ್ಲಾಸು. ಪಿಎಫ್‌ನಲ್ಲಿ ಕಂಪನಿ ಕಟ್ಟಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ ಹೊಸ ನಿಯಮ ಬಂದಿತ್ತು. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಯಾರು ಇರುತ್ತಾರೆ? ಬೆನ್ನು, ಕಣ್ಣು ಅಷ್ಟರೊಳಗೆ ಹೋಗಿರುತ್ತೆ. 18ನೇ ತಾರೀಕು ಮಿಷನ್ ಬಿಟ್ಟು ಹೊಸೂರು ರಸ್ತೆಗೆ ಇಳಿದೆವು. ಹೆಚ್ಚಿನವರು ಹೆಂಗಸರೇ. ಯಾವ ಸಂಘವೂ ಕರೆದಿರಲಿಲ್ಲ. ಲಾಠಿ ಏಟು ಬಿತ್ತು, ಬಸ್ಸುಗಳು ಸುಟ್ಟುಹೋದವು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತೆ. ಮಾರನೇ ದಿನ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ನಿನ್ನ ಡಿಪ್ಲೊಮಾ ಫೀಸು ಆ ಪಿಎಫ್ ದುಡ್ಡೇ.

ಆದರೆ ತಿರುಗಿ ಕೆಲಸಕ್ಕೆ ಹೋದಾಗ ಲೈನಿನಲ್ಲಿ ಅದೇ ಟಾರ್ಗೆಟ್, ಅದೇ ಬೈಗುಳ. ಟಾಯ್ಲೆಟ್ಟಿಗೆ ಎದ್ದರೆ ಅದೇ ಗೊಣಗಾಟ. ದಿನದಿನದ ಈ ಸಂಕಟಕ್ಕೆಲ್ಲ ರಸ್ತೆಗೆ ಇಳಿಯಲು ಆಗುತ್ತಾ? ಅದಕ್ಕೆ ಮ್ಯಾನೇಜರ್ ಎದುರು ಕೂತು ಮಾತಾಡುವವರು ಬೇಕು. ಆ ವರ್ಷವೇ ನಾನು ಸಂಘ ಸೇರಿದೆ.

ಸುಲಭ ಅಂತ ಸುಳ್ಳು ಹೇಳಲಾರೆ. ನನ್ನ ಜೊತೆ ಸೇರಿದ ಇಬ್ಬರನ್ನು ಬೇರೆ ಲೈನಿಗೆ ಹಾಕಿ, ಮುಗಿಸಲಾಗದಷ್ಟು ಪೀಸು ಕೊಟ್ಟರು. ಒಬ್ಬಳು ಕೆಲಸ ಬಿಟ್ಟಳು. ಅವಳ ಪರ ನಾನು ಜಾಸ್ತಿ ಮಾತಾಡಬೇಕಿತ್ತು, ಆಡಲಿಲ್ಲ. ನಿನ್ನ ಫೀಸಿನ ಯೋಚನೆ ಇತ್ತು. ಅದು ಇನ್ನೂ ನನ್ನನ್ನು ಕೊರೆಯುತ್ತೆ.

2023ರಲ್ಲಿ ನಮ್ಮ ರಾಜ್ಯದಲ್ಲೇ ಕಾರ್ಖಾನೆ ಕಾಯ್ದೆ ತಿದ್ದಿ, ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿಕೊಟ್ಟರು. ವಾರಕ್ಕೆ 48 ಗಂಟೆ ಮೀರಬಾರದು, ಕೆಲಸಗಾರರ ಒಪ್ಪಿಗೆ ಬೇಕು ಅಂತ ಅದರಲ್ಲಿತ್ತು. ಆದರೆ ಲೈನಿನಲ್ಲಿ ಒಬ್ಬಳೇ ಕೂತ ಹುಡುಗಿ ಒಪ್ಪಲ್ಲ ಅಂತ ಹೇಗೆ ಹೇಳುತ್ತಾಳೆ, ನೀನೇ ಹೇಳು.

ಫಾರಂ ಹರಿಯಬೇಡ. ಹಾಗಂತ ಕಣ್ಣುಮುಚ್ಚಿ ಸಹಿಯನ್ನೂ ಹಾಕಬೇಡ. ಸಂಘದವರನ್ನು ಕೇಳು, ಚಂದಾ ಎಷ್ಟು, ರಸೀದಿ ಕೊಡ್ತೀರಾ, ಕಮಿಟಿಯಲ್ಲಿ ಹೆಂಗಸರು ಎಷ್ಟು ಜನ, ಕಳೆದ ವರ್ಷ ಯಾರ ಪರ ಮಾತಾಡಿದ್ರಿ ಅಂತ. ಊಟದ ಹೊತ್ತಿನ ಬಗ್ಗೆಯೂ ಕೇಳು. ಅವರು ಏನಂದರು ಅಂತ ನನಗೆ ಫೋನ್ ಮಾಡು. ರಾತ್ರಿ ಒಂಬತ್ತರ ಮೇಲೆ ಮನೆಯಲ್ಲೇ ಇರುತ್ತೇನೆ.

ನಿನ್ನ
ಅಮ್ಮ