ಬೆಂಕಿಯ ಬೆನ್ನು, ಬೆನ್ನಲ್ಲಿ ಬೆಂಕಿ

ಲೂಯಿಸ್, ಸಸೆಕ್ಸ್, ಇಂಗ್ಲೆಂಡ್
ಜನವರಿ 18

ಪ್ರೀತಿಯ ಅವ್ವಾ,

ನಾನು ಆರಾಮ ಇದ್ದೇನೆ. ಮನೆಯಲ್ಲಿ ಎಲ್ಲರೂ ಆರಾಮ ಅಲ್ವಾ? ಮೊನ್ನೆ ಫೋನಿನಲ್ಲಿ ಬಚ್ಚಲ ಒಲೆಯ ಹಿಂದಿನ ಗೋಡೆ ಮತ್ತೆ ಬಿರುಕು ಬಿಟ್ಟಿದೆ ಅಂದೆಯಲ್ಲ, ಆ ಮಾತು ತಲೆಯಲ್ಲೇ ಉಳಿದಿದೆ. ಪ್ರತಿ ವರ್ಷ ನೀನು ಮಣ್ಣು, ಸಗಣಿ ಕಲಸಿ ಮೆತ್ತುತ್ತೀ. ದೀಪಾವಳಿ ಬರುವುದರೊಳಗೆ ಅದು ಸುಟ್ಟು ಉದುರಿರುತ್ತದೆ. ಅದಕ್ಕೊಂದು ದಾರಿ ಇಲ್ಲಿ ನನ್ನ ಕಣ್ಣೆದುರೇ ಇದೆ. ಅದನ್ನು ಹೇಳಲಿಕ್ಕೆ ಬರೆಯುತ್ತಿದ್ದೇನೆ.

ನಾನಿರುವ ಬಾಡಿಗೆ ಮನೆ ಬಹಳ ಹಳೆಯದು. ನಡುಮನೆಯ ಗೋಡೆಯೊಳಗೆ ದೊಡ್ಡ ಒಲೆ ಕಟ್ಟಿದ್ದಾರೆ. ಅಡುಗೆಗಲ್ಲ, ಚಳಿ ಕಾಯಿಸಿಕೊಳ್ಳಲು. ಅದರ ಹಿಂದೆ ಗೋಡೆಗೆ ಒರಗಿಸಿ ಒಂದು ಬೀಡು ಕಬ್ಬಿಣದ ಹಲಗೆ ನಿಲ್ಲಿಸಿದ್ದಾರೆ. ಎತ್ತಲು ಹೋದರೆ ಅಲುಗಾಡುವುದಿಲ್ಲ, ಅಷ್ಟು ಭಾರ. ಇದಕ್ಕೆ ಫೈರ್‌ಬ್ಯಾಕ್ ಅನ್ನುತ್ತಾರೆ. ಬೆಂಕಿಯ ಬೆನ್ನಿಗೆ ನಿಲ್ಲುವಂಥದ್ದು. ಉರಿ ನೇರವಾಗಿ ಇಟ್ಟಿಗೆಗೆ ತಾಗದಂತೆ ತಡೆಯುತ್ತದೆ. ಜೊತೆಗೆ ತಾನು ಕಾದು, ಆ ಕಾವನ್ನು ಕೋಣೆಯ ಕಡೆಗೆ ಬಿಡುತ್ತದೆ. ರಾತ್ರಿ ಬೆಂಕಿ ಆರಿದ ಮೇಲೂ ಬಹಳ ಹೊತ್ತು ಬೆಚ್ಚಗಿರುತ್ತದೆ.

ಅದರ ಫೋಟೊ ತೆಗೆದು ಹೆಸರು ಬರೆದು ತಮ್ಮನಿಗೆ ಕಳಿಸಿದೆ. ಅವನು ಕೂಡಲೇ ಫೋನ್ ಮಾಡಿ, "ಅಕ್ಕಾ, ಫೈರ್‌ಬ್ಯಾಕ್ ಅಂದ್ರ ಹಕ್ಕಿ ಅಲ್ಲೇನು?" ಅಂದ. ಅವನು ಹೇಳಿದ್ದೂ ನಿಜ. ಮಲೇಷ್ಯಾ, ಬೋರ್ನಿಯೊ, ಥಾಯ್ಲೆಂಡ್ ಕಡೆಯ ಕಾಡುಗಳಲ್ಲಿ ಕೋಳಿಯ ಬಳಗದ ಕೆಲವು ಹಕ್ಕಿಗಳಿಗೆ ಇದೇ ಹೆಸರು. ಅವುಗಳಲ್ಲಿ ಒಂದು ಜಾತಿಯ ಹುಂಜದ ಮೈ ಕಪ್ಪು ನೀಲಿ, ಮುಖದ ಚರ್ಮ ಅಚ್ಚ ನೀಲಿ, ಬೆನ್ನಿನ ಕೆಳಭಾಗದಲ್ಲಿ ಮಾತ್ರ ತಾಮ್ರಗೆಂಪು ಗರಿ. ರೆಕ್ಕೆ ಬಿಚ್ಚಿದಾಗ ಕೆಂಡ ಕೆದಕಿದ ಹಾಗೆ ಕಾಣುತ್ತದಂತೆ. ಥಾಯ್ಲೆಂಡಿನ ಸಯಾಮೀಸ್ ಫೈರ್‌ಬ್ಯಾಕ್ ಬೂದು ಬಣ್ಣದ್ದು, ಮುಖ ಕೆಂಪು, ತಲೆಯ ಮೇಲೆ ಹಿಂದಕ್ಕೆ ಬಾಗಿದ ಜುಟ್ಟು. ಅದು ಆ ದೇಶದ ರಾಷ್ಟ್ರಪಕ್ಷಿ. ನಮ್ಮ ಹಿಮಾಲಯದ ಕಾಲಿಜ್ ಇವುಗಳದೇ ಕುಲದ್ದು. ತಗ್ಗು ಪ್ರದೇಶದ ಕಾಡು ಕಡಿದು ತಾಳೆಎಣ್ಣೆ ತೋಟ ಮಾಡುತ್ತಿರುವುದರಿಂದ ಇವುಗಳ ಜಾಗ ಕಡಿಮೆಯಾಗುತ್ತಿದೆ ಅಂತ ಹೇಳುವಾಗ ತಮ್ಮನ ದನಿ ಸಣ್ಣಗಾಯಿತು.

ಆಮೇಲೆ ನನಗೆ ಹೊಳೆದದ್ದು ಇಷ್ಟು. ಕಬ್ಬಿಣದ್ದು ಬೆಂಕಿಯ ಬೆನ್ನು. ಹಕ್ಕಿಯದು ಬೆನ್ನಲ್ಲಿ ಬೆಂಕಿ. ಇಂಗ್ಲಿಷಿನಲ್ಲಿ ಎರಡೂ ಒಂದೇ, ನಮ್ಮ ಮಾತಿನಲ್ಲಿ ಎಷ್ಟು ಚೆಂದ ಬೇರೆಯಾಗುತ್ತವೆ ನೋಡು. ನಮ್ಮ ಹಿತ್ತಲಿನ ಬೇವಿನ ಮರಕ್ಕೆ ಬರುವ ಬಂಗಾರದ ಬೆನ್ನಿನ ಮರಕುಟಿಗ ಇದೆಯಲ್ಲ, ಅದಕ್ಕೂ ಇಂಗ್ಲಿಷಿನಲ್ಲಿ ಫ್ಲೇಮ್‌ಬ್ಯಾಕ್ ಅನ್ನುತ್ತಾರೆ. ಹೆಸರಿಟ್ಟವರಿಗೆ ಹಕ್ಕಿಯ ಬೆನ್ನು ಕಂಡರೆ ಉರಿಯೇ ನೆನಪಾಗುತ್ತಿತ್ತೇನೋ.

ಕಳೆದ ಭಾನುವಾರ ಇಲ್ಲಿನ ಆ್ಯನ್ ಆಫ್ ಕ್ಲೀವ್ಸ್ ಹೌಸ್‌ಗೆ ಹೋಗಿದ್ದೆ. ಎಂಟನೇ ಹೆನ್ರಿ ರಾಜ ಮದುವೆ ಮುರಿದುಕೊಂಡಾಗ ರಾಣಿ ಆ್ಯನ್‌ಗೆ ಕೊಟ್ಟ ಆಸ್ತಿಯಲ್ಲಿ ಈ ಮನೆಯೂ ಒಂದು. ಪಾಪ, ಆಕೆ ಇಲ್ಲಿ ಇರಲೇ ಇಲ್ಲ. ಈಗ ಅದು ಮ್ಯೂಸಿಯಂ, ಈ ಸೀಮೆಯ ಕಬ್ಬಿಣದ ಸಾಮಾನು ತುಂಬ ಇವೆ. ಈ ಕಡೆ ಮಣ್ಣಲ್ಲಿ ಕಬ್ಬಿಣದ ಅದಿರು, ಇದ್ದಲಿಗೆ ಕಾಡು, ತಿದಿ ಒತ್ತಲು ಹಳ್ಳದ ನೀರು, ಮೂರೂ ಇದ್ದವು. 1543ರಲ್ಲಿ ಹತ್ತಿರದ ಬಕ್ಸ್‌ಟೆಡ್ ಊರಲ್ಲಿ ಫಿರಂಗಿ ಕೂಡ ಎರಕ ಹೊಯ್ದರು. ಫೈರ್‌ಬ್ಯಾಕ್ ಮಾಡುವುದು ಅದಕ್ಕಿಂತ ಸುಲಭ. ನೆಲದಲ್ಲಿ ಒದ್ದೆ ಮರಳು ಹಾಸಿ, ಮರದ ಹಲಗೆ ಒತ್ತಿ ಅಚ್ಚು ಮಾಡಿ, ಕರಗಿದ ಕಬ್ಬಿಣ ಸುರಿಯುವುದು. ಅಂಚಿಗೆ ಹಗ್ಗದ ತುಂಡು ಒತ್ತುತ್ತಿದ್ದರು. ಆ ಹುರಿಯ ಗುರುತು ಥೇಟ್ ನಿನ್ನ ಕರಚಿಕಾಯಿಯ ಅಂಚಿನ ಹಾಗೆ! ಬೆರಳಾಡಿಸುತ್ತಾ ನಿಂತುಬಿಡಬೇಕು ಅನಿಸಿತು, ಆದರೆ ಮುಟ್ಟಬಾರದು.

ನನಗೆ ಜಾಸ್ತಿ ಹಿಡಿಸಿದ್ದು 1636ರ ಒಂದು ಹಲಗೆ. ಬ್ರೀಡ್ ಊರಿನ ಕುಲುಮೆಯ ರಿಚರ್ಡ್ ಲೆನಾರ್ಡ್ ಎಂಬ ಎರಕದವನು ತನ್ನನ್ನೇ ಅದರ ಮೇಲೆ ಮೂಡಿಸಿಕೊಂಡಿದ್ದಾನೆ. ಕೈಯಲ್ಲಿ ಸುತ್ತಿಗೆ, ಸುತ್ತ ತನ್ನ ಸಾಮಾನು, ಹತ್ತಿರ ನಾಯಿ, ಜೊತೆಗೆ ತನ್ನ ಹೆಸರು. ರಾಜರ ಲಾಂಛನ ಹೊತ್ತ ಹಲಗೆಗಳು ಬೇಕಾದಷ್ಟಿವೆ. ದುಡಿದವನ ಮುಖ ಸಿಗುವುದು ಕಡಿಮೆ. ಸುಮಾರು ನಾನೂರು ವರ್ಷ ಆಯಿತು, ಅವನು ಇನ್ನೂ ನಿಂತಿದ್ದಾನೆ.

ಈಗ ನಮ್ಮ ಬಚ್ಚಲ ಮಾತಿಗೆ ಬರುತ್ತೇನೆ. ಒಲೆಯ ಹಿಂದಿನ ಗೋಡೆ ಎಷ್ಟು ಗೇಣು ಉದ್ದ, ಎಷ್ಟು ಎತ್ತರ ಅಂತ ತಮ್ಮನಿಗೆ ಅಳೆಯಲು ಹೇಳು. ಬೆಟಗೇರಿಯ ಗುಜರಿ ಅಂಗಡಿಗಳಲ್ಲಿ ಹಳೆಯ ಬೀಡಿನ ಹಲಗೆ ಸಿಗುತ್ತದಾ ಅಂತ ಅಪ್ಪ ಕೇಳಿ ನೋಡಲಿ. ತೆಳು ತಗಡು ಬೇಡ, ಬೆಂಕಿಗೆ ಸೊಟ್ಟಗಾಗುತ್ತದೆ. ಗೋಡೆಗೆ ಪೂರ್ತಿ ಅಂಟಿಸದೆ ಒಂದು ಬೆರಳು ಜಾಗ ಬಿಟ್ಟು, ಬೀಳದಂತೆ ಭದ್ರವಾಗಿ ನಿಲ್ಲಿಸಬೇಕು. ಮೊದಲ ದಿನ ಸಣ್ಣ ಉರಿ ಸಾಕು. ಇನ್ನೊಂದು ಮುಖ್ಯ ಮಾತು. ಹಂಡೆಯಿಂದ ನೀರು ತೋಡುವಾಗ ಕಾದ ಹಲಗೆಯ ಮೇಲೆ ತಣ್ಣೀರು ಚೆಲ್ಲದಂತೆ ನೋಡಿಕೊ. ಬೀಡು ಸೀಳಿಬಿಡುತ್ತದೆ.

ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿವೆಯಾ ಅಂತ ತಮ್ಮನನ್ನು ಕೇಳು. ಬಂದಿದ್ದರೆ ಫೋಟೊ ಕಳಿಸಲಿ, ಅಳತೆಯ ಚೀಟಿಯ ಜೊತೆಗೇ.

ನಿನ್ನ ಮಗಳು